ಕಂದುರೋಗವೂ ಹಸಿಹಾಲೂ

ತಿರುಮಕೂಡಲು ನರಸೀಪುರ ತಾಲ್ಲೂಕಿನ ಹೆಮ್ಮಿಗೆಯಂತಹ ಗ್ರಾಮಗಳಲ್ಲಿ ಬೇಸಾಯಕ್ಕೆ ಹೈನೇ ಊರುಗೋಲು. ಗಬ್ಬದ ಹಸು ದಿನ ತುಂಬುವ ಮುನ್ನವೇ ಕಂದುಹಾಕಿದರೆ ರೈತನು ಕರುವಿನ ನಷ್ಟವನ್ನೂ ಹಾಲಿನ ನಷ್ಟವನ್ನೂ ಎಣಿಸುತ್ತಾನೆ. ಮನೆಮಂದಿಗೆ ಒದಗಬಹುದಾದ ಅಪಾಯವು ಆ ಲೆಕ್ಕಕ್ಕೆ ಸೇರುವುದು ವಿರಳ. ಕಂದುಹಾಕುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದಾದ ಕಂದುರೋಗವು, ಅಂದರೆ ಬ್ರೂಸೆಲ್ಲೋಸಿಸ್, ಹಸಿಹಾಲಿನಿಂದಲೂ ಕಂದು ಮತ್ತು ಮಾಸುಗಳನ್ನು ಬರಿಗೈಯಿಂದ ಮುಟ್ಟುವುದರಿಂದಲೂ ಮನುಷ್ಯರಿಗೆ ತಗಲುತ್ತದೆ. ಮರುಕಳಿಸುವ ಜ್ವರ, ಬೆವರು, ಕೀಲುನೋವುಗಳು ಇದರ ಲಕ್ಷಣಗಳಾದುದರಿಂದ ಇದನ್ನು ಬೇರೆ ಜ್ವರವೆಂದು ಭಾವಿಸುವ ಸಂಭವ ಹೆಚ್ಚು.

ಈ ರೋಗದ ಚರಿತ್ರೆಯು ಬೋಧಪ್ರದವಾಗಿದೆ. 1887ರಲ್ಲಿ ಡೇವಿಡ್ ಬ್ರೂಸನು ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಮಡಿದ ಸೈನಿಕರ ದೇಹದಲ್ಲಿ ಇದರ ಕ್ರಿಮಿಯನ್ನು ಕಂಡುಹಿಡಿದನು. ಆದರೆ ಕ್ರಿಮಿಯ ಮೂಲ ಮಾತ್ರ ಬಹುಕಾಲ ತಿಳಿಯಲಿಲ್ಲ. 1905ರಲ್ಲಿ ಜಾಮಿಟ್ ಎಂಬ ವೈದ್ಯನು, ನೋಟಕ್ಕೆ ಆರೋಗ್ಯವಾಗಿದ್ದ ಆಡುಗಳಲ್ಲಿಯೇ ಅದು ನೆಲೆಸಿರುವುದನ್ನು ತೋರಿಸಿದನು. ಮರುವರ್ಷ ಸೈನ್ಯದಲ್ಲಿ ಆಡಿನ ಹಾಲನ್ನು ನಿಷೇಧಿಸಲಾಗಿ ಸೈನಿಕರಲ್ಲಿ ಜ್ವರವು ಶೀಘ್ರವಾಗಿ ಇಳಿಯಿತು. ಸಮರ್ಪಕವಾದ ಔಷಧ ದೊರೆಯುವುದಕ್ಕೆ ಎಷ್ಟೋ ಮೊದಲೇ ನಿವಾರಣೆಯು ಸಾಧ್ಯವಾಗಿತ್ತು.

ರೋಗವು ಮನುಷ್ಯನಲ್ಲಿ ತೋರುವ ಮುನ್ನ ಪಶುವಿನಲ್ಲಿ ಅದನ್ನು ಅರಸುವುದೇ ಕಣ್ಗಾವಲಿನ ತತ್ತ್ವ. ಅನೇಕ ಹಸುಗಳ ಹಾಲು ಕೂಡಿದ ಮಾದರಿಗೆ ಬಣ್ಣ ಕೊಟ್ಟ ನಿರ್ಜೀವ ಕ್ರಿಮಿಗಳನ್ನು ಬೆರೆಸುತ್ತಾರೆ. ಹಾಲಿನಲ್ಲಿ ರೋಗದ ಪ್ರತಿಕಾಯಗಳಿದ್ದರೆ ಮೇಲೆದ್ದ ಕೆನೆಯಲ್ಲಿ ಬಣ್ಣದ ಉಂಗುರವೊಂದು ಮೂಡುತ್ತದೆ. ಆನಂತರ ಒಂದೊಂದು ಹಸುವಿನ ರಕ್ತವನ್ನೂ ಪರೀಕ್ಷಿಸಿ ರೋಗಪಶುವನ್ನು ಗುರುತಿಸಬೇಕು.

ಪಾಶ್ಚಾತ್ಯ ದೇಶಗಳು ಅಂತಹ ಪಶುಗಳನ್ನು ವಧಿಸಿ, ಒಡೆಯನಿಗೆ ಪರಿಹಾರವಿತ್ತು ರೋಗವನ್ನು ನಿಗ್ರಹಿಸಿದವು. ಗೋವಧೆಯನ್ನು ಒಪ್ಪದ ನಮ್ಮ ಸಮಾಜದಲ್ಲಿ ಆ ಮಾರ್ಗವು ಸುಗಮವಲ್ಲ. ಆದುದರಿಂದ 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕುವುದನ್ನು ಅವಲಂಬಿಸಿದೆ. ಡೈರಿಯಲ್ಲಿ ಹಾಲನ್ನು 72 ಡಿಗ್ರಿ ಸೆಂಟಿಗ್ರೇಡಿಗೆ 15 ಸೆಕೆಂಡು ಕಾಯಿಸುವುದರಿಂದ ಕ್ರಿಮಿಯು ನಾಶವಾಗುತ್ತದೆ.

ಆದರೆ ಡೈರಿಯ ಹಾಲು ಪಟ್ಟಣಕ್ಕೆ ಹೋಗುತ್ತದೆ. ಮನೆಯಲ್ಲಿ ಉಳಿದ ಹಾಲಿಗೆ ಈ ರಕ್ಷಣೆಯಿಲ್ಲ. ಕರೆದ ಕೂಡಲೇ ಕುಡಿಯುವ ನೊರೆಹಾಲು ಪುಷ್ಟಿಕರವೆಂಬ ನಂಬಿಕೆಯಿಂದ ಅಪಾಯವು ಹಾಲು ಕರೆದವನ ಮಕ್ಕಳಿಗೇ ಮೊದಲು ತಟ್ಟುತ್ತದೆ. ಅದನ್ನು ತಡೆಯಲು ಹಾಲನ್ನು ಒಮ್ಮೆ ಉಕ್ಕಿಸಿದರೆ ಸಾಕು. ಕಂದನ್ನೂ ಮಾಸನ್ನೂ ಬರಿಗೈಯಿಂದ ಮುಟ್ಟದೆ ಆಳವಾಗಿ ಹೂಳಬೇಕು, ಪಶುವೈದ್ಯರಿಗೆ ತಿಳಿಸಬೇಕು. ತಿಳಿಸಿದರೆ ಹಸುವಿಗೆ ಬೆಲೆ ಬಾರದೆಂಬ ಭಯ ರೈತನಿಗೆ ಸಹಜವೇ. ಆ ಭಯವನ್ನು ನೀಗಿಸದೆ ನಡೆಸುವ ಕಣ್ಗಾವಲು ಪೂರ್ಣಫಲವನ್ನು ನೀಡಲಾರದು.