ಗುಂಡು ಹೊಡೆದದ್ದೂ ನೀವೇ, ಸತ್ತದ್ದೂ ನೀವೇ!

ಎಂತ ಮಾರಾಯ್ರೆ,
ಆನ್‌ಲೈನ್ ಆಟದಲ್ಲಿ ಮೊದಲು ಗುಂಡು ಹೊಡೆದದ್ದು ನೀವು.
ಮತ್ತೆ ಸತ್ತದ್ದು ನೀವೇ ಹೇಗೆ?

ಟಿವಿಗೆ ಕ್ಯಾಸೆಟ್ ಗೇಮ್ ಸಿಕ್ಕಿಸಿ
ಮಾರಿಯೊ, ಕಾಂಟ್ರಾ ಆಡುವಾಗ
ಈ ರಗಳೆ ಇರಲಿಲ್ಲ.
ಬಟನ್ ಒತ್ತಿದಿರಿ, ಮಾರಿಯೊ ಹಾರಿದ.


ಈಗ ಆನ್‌ಲೈನ್ ಶೂಟಿಂಗ್ ಆಟ ವ್ಯಾಲರಂಟ್ ನೋಡಿ.
ನೀವು ಕೂತದ್ದು ಮಂಗಳೂರಿನ ಕಂಕನಾಡಿಯಲ್ಲಿ.
ಆಟ ನಡೆಸುವ ಸರ್ವರ್ ಇರುವುದು ಮುಂಬೈಯಲ್ಲಿ.
ನೇರ ಅಳೆದರೂ ಸುಮಾರು 700 ಕಿಲೋಮೀಟರ್.
ನಿಮ್ಮ ಕ್ಲಿಕ್ ಅಲ್ಲಿಗೆ ಹೋಗಬೇಕು,
ಉತ್ತರ ವಾಪಸ್ ಬರಬೇಕು.
ಆ ಹೋಗಿಬರುವ ಹೊತ್ತೇ ಪಿಂಗ್.

ಯಕ್ಷಗಾನದಲ್ಲಿ ಭಾಗವತರ ತಾಳ
ವೇಷಧಾರಿಗೆ ತಡವಾಗಿ ಕೇಳಿದರೆ?
ಹೆಜ್ಜೆ ತಪ್ಪಿತು!
ಇಲ್ಲೂ ಅಷ್ಟೆ: ನಿಮ್ಮ ಕ್ಲಿಕ್ಕಿಗಿಂತ ಮೊದಲು ಎದುರಾಳಿಯದ್ದು ಸರ್ವರಿಗೆ ತಲುಪಿದರೆ ಸತ್ತದ್ದು ನೀವೇ.

ಪಿಂಗ್ 30 ಮಿಲಿಸೆಕೆಂಡ್ ಇದ್ದರೆ ಆಟ ಸಲೀಸು.
150 ದಾಟಿದರೆ ಕಷ್ಟ.

ಪಿಂಗ್ ಇಳಿಸಬೇಕಾ? ವೈಫೈ ಬಿಟ್ಟು ಕೇಬಲ್ ಹಾಕಿ.
ಮನೆಯವರ ಡೌನ್‌ಲೋಡ್ ನಿಲ್ಲಿಸಿ.
ಧೈರ್ಯ ಇದ್ದರೆ!