ಕೋಣ, ತಿಮಿಂಗಿಲ ಮತ್ತು ನಾವು

ಪಾಠ ತಲೆಗೆ ಹೋಗದಿದ್ದಾಗ ಮೇಷ್ಟ್ರು ಹೇಳುವ ಮಾತು ನಮಗೆಲ್ಲ ಗೊತ್ತು: ‘ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ’. ಇದೇ ಮಾತಿಗೆ ಹಿಂದಿಯವರು ಎಮ್ಮೆಯ ಮುಂದೆ ಪುಂಗಿ ಊದುತ್ತಾರೆ. ಥಾಯ್ಲೆಂಡಿನವರು ಎಮ್ಮೆಗೆ ಪಿಟೀಲಿನಂಥ ವಾದ್ಯ ಕೇಳಿಸುತ್ತಾರೆ. ಚೀನಾದವರು ಹಸುವಿನ ಮುಂದೆ ತಂತಿವಾದ್ಯ ನುಡಿಸುತ್ತಾರೆ. ಬೇಸಾಯದ ನಾಡುಗಳಲ್ಲಿ ಗಾದೆಗೂ ಕೊಟ್ಟಿಗೆಯ ಪ್ರಾಣಿಯೇ ಒದಗಿದೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾನು ಇಂಥ ಗಾದೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಕನ್ನಡ ಪೇಪರ್‌ಗೆ ನೆರವಾಗಲಿ ಎಂದು ಶುರು ಮಾಡಿದ್ದು, ಈಗ ಓದಿ ಓದಿ ಬೇಸರವಾದಾಗ ತೆರೆಯುವ ಪುಸ್ತಕ ಅದೇ ಆಗಿದೆ.

ಚೀನಾದ ಗಾದೆಯ ಹಿಂದೆ ಒಂದು ಹಳೆಯ ಕತೆಯಿದೆ. ಸಂಗೀತಗಾರನೊಬ್ಬ ಎಷ್ಟು ಚೆನ್ನಾಗಿ ನುಡಿಸಿದರೂ ಹಸು ಮೇಯುತ್ತಲೇ ಇತ್ತು. ಅವನು ಸೊಳ್ಳೆ ಗುಂಯ್‌ಗುಡುವಂತೆ, ಕರು ಕೂಗುವಂತೆ ನುಡಿಸಿದ. ಹಸು ಬಾಲ ಬೀಸಿ, ಕಿವಿ ನಿಮಿರಿಸಿ ಕೇಳಿತು. ನಾವು ಕೋಣನನ್ನು ಬೈದು ಸುಮ್ಮನಾಗುತ್ತೇವೆ. ಆ ಕತೆ ನುಡಿಸುವವನಿಗೂ ಬುದ್ಧಿ ಹೇಳುತ್ತದೆ. ಕೇಳುವವರನ್ನು ನೋಡಿ ಮಾತಾಡು ಎಂಬ ಈ ಪಾಠ ಸಂದರ್ಶನಕ್ಕೆ ಹೋಗುವವರಿಗೂ ಬೇಕಾದದ್ದೇ.

ಪ್ರಾಣಿ ಒಂದೇ ಆಗಿ ಅರ್ಥ ಬೇರೆಯಾಗುವುದೂ ಉಂಟು. ನಮ್ಮಲ್ಲಿ ಗೂಬೆ ಅಪಶಕುನ. ಮಾಡದ ತಪ್ಪನ್ನು ಹೊರಿಸಿದರೆ ‘ತಲೆ ಮೇಲೆ ಗೂಬೆ ಕೂರಿಸಿದರು’ ಎನ್ನುತ್ತೇವೆ. ಹಿಂದಿಯಲ್ಲಿ ಗೂಬೆ ಎಂದರೆ ದಡ್ಡ. ಗ್ರೀಕರಿಗೆ ಅದು ಜ್ಞಾನದೇವತೆ ಅಥೆನಾಳ ಹಕ್ಕಿ. ಗ್ರೀಸ್‌ನ 1 ಯೂರೊ ನಾಣ್ಯದ ಮೇಲೆ ಇಂದಿಗೂ ಗೂಬೆಯಿದೆ. ಹಾಗಾಗಿ ನುಡಿಗಟ್ಟನ್ನು ಪದಕ್ಕೆ ಪದ ಅನುವಾದಿಸಿದರೆ ಬೈಗುಳ ಹೊಗಳಿಕೆಯಾಗಬಹುದು, ಹೊಗಳಿಕೆ ಬೈಗುಳವಾಗಬಹುದು.

ನನ್ನ ನೋಟ್‌ಬುಕ್ಕಿನಲ್ಲಿ ನಾನು ಹೆಚ್ಚು ಸಲ ಓದಿರುವ ಪುಟದಲ್ಲಿ ಮೂರೇ ಗಾದೆಗಳಿವೆ. ಕನ್ನಡದ್ದು: ಎರಡು ಕೋಣಗಳು ಕಾದಾಡಿದರೆ ಗಿಡಕ್ಕೆ ಮಿತ್ತು. ಮಿತ್ತು ಎಂದರೆ ಸಾವು. ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯದ್ದು: ಆನೆಗಳು ಕಾದಾಡಿದರೆ ನೋಯುವುದು ಹುಲ್ಲು. ಕೊರಿಯಾದ್ದು: ತಿಮಿಂಗಿಲಗಳ ಜಗಳದಲ್ಲಿ ಸಿಗಡಿಯ ಬೆನ್ನು ಒಡೆಯಿತು. ಮೂರು ಕಡೆ ಸಮುದ್ರವಿರುವ ಕೊರಿಯಾದ ಗಾದೆಯಲ್ಲಿ ಸಮುದ್ರದ ಜೀವಿಗಳೇ ಬಂದಿವೆ. ಚೀನಾ, ಜಪಾನ್‌ನಂಥ ದೊಡ್ಡ ನೆರೆಯವರ ನಡುವೆ ಸಿಕ್ಕ ತಮ್ಮ ದೇಶದ ಪಾಡನ್ನು ಹೇಳಲು ಕೊರಿಯನ್ನರು ಈ ಮಾತನ್ನು ಬಳಸುವುದುಂಟು.

ನನಗೆ ಈ ಗಾದೆ ಅರ್ಥವಾಗಲು ಅಷ್ಟು ದೂರ ಹೋಗಬೇಕಿಲ್ಲ. ನಾನು ಅರ್ಜಿ ಹಾಕಿದ ಒಂದು ನೇಮಕಾತಿ ಎರಡು ವರ್ಷದಿಂದ ನಿಂತಿದೆ. ನಿಯಮವೊಂದರ ಬಗ್ಗೆ ಎರಡು ಕಡೆಯವರಿಗೂ ವ್ಯಾಜ್ಯ. ಇಬ್ಬರ ಬಳಿಯೂ ವಕೀಲರಿದ್ದಾರೆ, ಕಾಯುವ ಶಕ್ತಿಯಿದೆ. ಅರ್ಜಿ ಹಾಕಿದವರಿಗೆ ಇರುವುದು ವಯೋಮಿತಿ. ನನ್ನ ರೂಮ್‌ಮೇಟ್ ಹೋದ ತಿಂಗಳು ಪುಸ್ತಕಗಳನ್ನು ಕಟ್ಟಿಕೊಂಡು ಊರಿಗೆ ಹೋದಳು. ಮುಂದಿನ ಅಧಿಸೂಚನೆ ಬರುವ ಹೊತ್ತಿಗೆ ಅವಳ ವಯಸ್ಸು ದಾಟಿರುತ್ತದೆ. ಯಾರು ಗೆದ್ದರೂ ಅವಳು ಕಳೆದುಕೊಂಡ ಎರಡು ವರ್ಷವನ್ನು ಯಾರೂ ಕೊಡುವುದಿಲ್ಲ.

ಈ ಗಾದೆಯನ್ನು ಆನೆಯ ಕಡೆಯವರು ಕಟ್ಟಿರಲಾರರು. ಹುಲ್ಲಿನ ಹಾಗೆ ಕಾಲಡಿ ಸಿಕ್ಕವರೇ ಎಲ್ಲೆಡೆ ಹೇಳಿಕೊಂಡಿದ್ದಾರೆ. ಅವರವರ ಕಣ್ಣಿಗೆ ಬಿದ್ದ ಪ್ರಾಣಿ ಮಾತ್ರ ಬೇರೆ. ಗುರುತಿಲ್ಲದ ದೇಶದ ಸಿಗಡಿಯೊಂದು ನಮ್ಮ ಕಷ್ಟವನ್ನೇ ಹೇಳುತ್ತಿದೆ ಎಂದು ತಿಳಿದಾಗ ಅದೇಕೋ ಒಂಟಿತನ ಸ್ವಲ್ಪ ಕಡಿಮೆಯಾಗುತ್ತದೆ.

ಮುಂದಿನ ಕನ್ನಡ ಪೇಪರ್‌ನಲ್ಲಿ ‘ಗಾದೆ ವಿಸ್ತರಿಸಿ’ ಎಂದು ಇದನ್ನೇ ಕೊಟ್ಟರೆ ನನಗೆ ಗೈಡ್ ಬೇಕಾಗದು. ಪರೀಕ್ಷೆ ನಡೆಯಬೇಕು, ಅಷ್ಟೆ.