ಕಲ್ಲು ಕಟ್ಟಿದ ಹಗ್ಗ

ಕಂಪಲಾಪುರ, ಪಿರಿಯಾಪಟ್ಟಣದ ಸೀಮೆಯಲ್ಲಿ ಆಷಾಢ ಹುಟ್ಟಿತೆಂದರೆ ಕೊಡಗಿನ ಕಡೆಯಿಂದ ಗಾಳಿ ಬೀಸುತ್ತದೆ, ಗಾಳಿಯ ಬೆನ್ನಿಗೇ ಸೋನೆಮಳೆ. ನಡುನಡುವೆ ಅರ್ಧ ಗಂಟೆ ಬಿಸಿಲು ಬಿದ್ದರೆ ಅಷ್ಟರಲ್ಲೇ ಮನೆಮಂದಿಯ ಬಟ್ಟೆಯೆಲ್ಲ ಹಿತ್ತಲಿನ ಹಗ್ಗ ಏರಬೇಕು. ಹೊಗೆಸೊಪ್ಪು ಮುರಿಯುವ ಕಾಲವೂ ಅದೇ ಆದ್ದರಿಂದ ಸೊಪ್ಪಿನ ಅಂಟು, ಹೊಲದ ಕೆಸರು ಹತ್ತಿದ ಬಟ್ಟೆಯ ರಾಶಿ ದೊಡ್ಡದಾಗಿಯೇ ಇರುತ್ತದೆ. ಕೈಯಲ್ಲಿ ಹಿಂಡಿದ ಹತ್ತಿ ಬಟ್ಟೆ ಹೆಚ್ಚುಕಡಿಮೆ ತನ್ನ ತೂಕದಷ್ಟೇ ನೀರನ್ನು ಒಳಗೆ ಉಳಿಸಿಕೊಂಡಿರುತ್ತದೆ. ಹಾಗಾಗಿ ಬಟ್ಟೆ ಹಾಕಿ ಈಚೆ ಬರುವಷ್ಟರಲ್ಲಿ ಹಗ್ಗ ನಡುವೆ ಜೋತು, ಪಂಚೆಯ ಅಂಚು ಅಂಗಳದ ಕೆಸರು ಮುಟ್ಟಿರುತ್ತದೆ. ಆಮೇಲೆ ಯಾರಾದರೂ ಗಂಟು ಬಿಚ್ಚಿ, ಕಂಬಕ್ಕೆ ಕಾಲು ಆನಿಸಿ, ಉಸಿರು ಕಟ್ಟಿ ಎಳೆದು ಮತ್ತೆ ಕಟ್ಟುತ್ತಾರೆ. ವಾರ ಕಳೆಯುವುದರೊಳಗೆ ಹಗ್ಗ ಮತ್ತೆ ಹಳೆಯ ಸ್ಥಿತಿಗೆ ಬಂದಿರುತ್ತದೆ.

ಗಂಟು ಹಾಕಿದವರನ್ನು ಬೈಯುವ ಮೊದಲು ಒಂದು ಲೆಕ್ಕ ನೋಡಬೇಕು. ಎರಡು ಕಂಬಗಳ ನಡುವೆ 20 ಅಡಿ, ಅಂದರೆ ಸುಮಾರು 6 ಮೀಟರ್ ಇದೆ ಅನ್ನಿ. ಹಗ್ಗ ಆ ದೂರಕ್ಕಿಂತ ಬರೀ ಒಂದು ಸೆಂಟಿಮೀಟರ್ ಉದ್ದವಾಯಿತು. ನಡುವೆ ಎಷ್ಟು ಜೋಲಬಹುದು? ಕೇಳಿದವರಲ್ಲಿ ಹೆಚ್ಚಿನವರು ಒಂದೆರಡು ಬೆರಳು ಅನ್ನುತ್ತಾರೆ. ಉದ್ದಕ್ಕೂ ಬಟ್ಟೆ ಹರಡಿದ ಹಗ್ಗಕ್ಕೆ ಲೆಕ್ಕದ ಉತ್ತರ 15 ಸೆಂಟಿಮೀಟರ್. ಹಗ್ಗ 4 ಸೆಂಟಿಮೀಟರ್ ಹೆಚ್ಚಿದರೆ ಜೋಲು 30, ಅಂದರೆ ಒಂದು ಅಡಿ. ಸಡಿಲ ನಾಲ್ಕು ಪಟ್ಟಾದರೆ ಜೋಲು ಎರಡು ಪಟ್ಟು, ಇದು ವರ್ಗಮೂಲದ ಸಂಬಂಧ. ಇದರಲ್ಲಿ ಕಿರುಕುಳವೆಲ್ಲ ಮೊದಲ ಒಂದು ಸೆಂಟಿಮೀಟರಿನದೇ. ನೂರಕ್ಕೆ ಅರ್ಧದಷ್ಟು ಹಿಗ್ಗಿದ ನೈಲಾನ್ ಹಗ್ಗ ನೋಡುವವರ ಕಣ್ಣಿಗೆ ಹಿಗ್ಗಿದಂತೆಯೇ ಕಾಣುವುದಿಲ್ಲ, ಆದರೂ ನಡುವೆ ಒಂದು ಗೇಣಿಗಿಂತ ಹೆಚ್ಚು ಇಳಿದಿರುತ್ತದೆ.

ಸರಿ, ಆ ಒಂದು ಸೆಂಟಿಮೀಟರನ್ನೂ ಎಳೆದು ತೆಗೆದುಬಿಡೋಣ ಎಂದರೆ ಎರಡನೆಯ ಲೆಕ್ಕ ಎದುರಾಗುತ್ತದೆ. ಬಟ್ಟೆಯ ಒಟ್ಟು ತೂಕವನ್ನು ಕಂಬಗಳ ನಡುವಿನ ದೂರದಿಂದ ಗುಣಿಸಿ, ಬಂದದ್ದನ್ನು ಜೋಲಿನ ಎಂಟರಷ್ಟರಿಂದ ಭಾಗಿಸಿದರೆ ಹಗ್ಗದ ಎಳೆತ ಸಿಗುತ್ತದೆ. 10 ಕಿಲೋ ಒದ್ದೆ ಬಟ್ಟೆ, 6 ಮೀಟರ್ ದೂರ, 30 ಸೆಂಟಿಮೀಟರ್ ಜೋಲು ಇದ್ದರೆ ಎಳೆತ 25 ಕಿಲೋ. ಜೋಲು 15 ಸೆಂಟಿಮೀಟರಿಗೆ ಇಳಿಯಬೇಕಾದರೆ 50 ಕಿಲೋ ಬೇಕು. ಎರಡು ಬೆರಳಿನಷ್ಟು, 3 ಸೆಂಟಿಮೀಟರ್ ಮಾತ್ರ ಸಾಕೆಂದು ಹಟ ಹಿಡಿದರೆ 250 ಕಿಲೋ, ಕಾಲು ಟನ್! ಹತ್ತು ಕಿಲೋ ಬಟ್ಟೆ ಹೊರಲು ಇಷ್ಟೆಲ್ಲ ಯಾಕೆ? ಬಟ್ಟೆಯ ಭಾರ ನೇರ ಕೆಳಕ್ಕೆ, ಅದನ್ನು ಎತ್ತಿ ಹಿಡಿಯುವ ಬಲ ನೇರ ಮೇಲಕ್ಕೆ ಇರಬೇಕು. ಅಡ್ಡಕ್ಕೆ ಮಲಗಿದ ಹಗ್ಗದ ಎಳೆತವೆಲ್ಲ ಕಂಬದಿಂದ ಕಂಬಕ್ಕೆ ಹೋಗುತ್ತದೆ. ಅದು ಎಷ್ಟು ಓರೆಯಾಗಿದೆಯೋ ಅಷ್ಟು ಪಾಲು ಮಾತ್ರ ಮೇಲಕ್ಕೆ ದಕ್ಕುತ್ತದೆ. ಹಗ್ಗ ನೆಟ್ಟಗಾದಷ್ಟೂ ಆ ಪಾಲು ಕುಗ್ಗುತ್ತದೆ, ಕೊನೆಗೆ ಪೂರ್ತಿ ನೆಟ್ಟಗಾಗಬೇಕೆಂದರೆ ಬೇಕಾದ ಎಳೆತಕ್ಕೆ ಮಿತಿಯೇ ಇರುವುದಿಲ್ಲ.

ಕೇಂಬ್ರಿಜ್‌ನ ವಿಲಿಯಂ ಹ್ಯೂವೆಲ್ 1819ರ ತನ್ನ ಯಂತ್ರಶಾಸ್ತ್ರದ ಪಠ್ಯದಲ್ಲಿ ಇದನ್ನೇ ಹೇಳಿದ್ದ. ಎಷ್ಟೇ ಬಲ ಹಾಕಿದರೂ, ಎಷ್ಟೇ ಸಪೂರದ ದಾರವಾದರೂ ಸಂಪೂರ್ಣ ನೆಟ್ಟಗೆ ಅಡ್ಡ ಎಳೆಯಲಾಗದು ಎನ್ನುವ ಆ ಸಾಲು ಅವನಿಗೇ ಗೊತ್ತಿಲ್ಲದೆ ಪ್ರಾಸಬದ್ಧ ಪದ್ಯವಾಗಿಬಿಟ್ಟಿತ್ತು. ಸಹೋದ್ಯೋಗಿಯೊಬ್ಬ ಊಟದ ನಂತರದ ಭಾಷಣದಲ್ಲಿ ಅದನ್ನು ಪದ್ಯವಾಗಿ ಓದಿ ಹೇಳಿದ, ಪಾಪ, ಹ್ಯೂವೆಲ್ ಮುಂದಿನ ಮುದ್ರಣದಲ್ಲಿ ಆ ಸಾಲನ್ನೇ ಬದಲಿಸಿಬಿಟ್ಟ. ಪದ್ಯ ಹೋಯಿತು, ನಿಯಮ ಹಾಗೇ ಉಳಿಯಿತು.

ಹಿತ್ತಲಲ್ಲಿ ಈ ನಿಯಮದ ಏಟು ತಿನ್ನುವುದು ಕಂಬ. ಕಲ್ಲುಕಂಬ ತಲೆಯ ಮೇಲೆ ಎಷ್ಟು ಭಾರ ಬೇಕಾದರೂ ಹೊತ್ತೀತು, ಅಡ್ಡ ಎಳೆತ ಮಾತ್ರ ಅದಕ್ಕೆ ಆಗಿಬರುವುದಿಲ್ಲ. ಮಳೆಗೆ ಬುಡದ ಮಣ್ಣು ಮೆತ್ತಗಾಗಿದ್ದರಂತೂ ಕಂಬ ಒಂದು ಬೆರಳು ವಾಲಿದರೆ ಸಾಕು, ಎಳೆದು ತೆಗೆದ ಆ ಒಂದೆರಡು ಸೆಂಟಿಮೀಟರ್ ಸಡಿಲ ತಿರುಗಿ ಬಂದುಬಿಡುತ್ತದೆ.

ಕರೆಂಟಿನ ಲೈನ್ ಎಳೆಯುವವರು ಅದಕ್ಕೇ ತಂತಿಯನ್ನು ನೆಟ್ಟಗೆ ಕಟ್ಟುವ ಉಸಾಬರಿಗೆ ಹೋಗುವುದಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರ್ ದೂರ ಹರಿದ ಲೈನಿನಿಂದ ಹಿಡಿದು ಇವತ್ತಿನ ಹೊಲದ ಪಂಪ್‌ಸೆಟ್ಟಿನ ಲೈನಿನವರೆಗೆ, ಕಂಬದಿಂದ ಕಂಬಕ್ಕೆ ತೂಗುವ ತಂತಿಗೆಲ್ಲ ಇಷ್ಟು ಜೋಲು ಎಂದು ಬಿಟ್ಟೇ ಕಟ್ಟಬೇಕು. ಲೈನ್‌ಮನ್‌ಗಳು ಅದನ್ನು ಸ್ಯಾಗ್ ಎನ್ನುತ್ತಾರೆ. ಬಿಸಿಲಿನ ಮಧ್ಯಾಹ್ನ ಹಿಗ್ಗಿದ ತಂತಿಯನ್ನು ಬಿಗಿದುಬಿಟ್ಟರೆ ಮಾಗಿಯ ಚಳಿಗೆ ಅದು ಕುಗ್ಗಿ, ಎಳೆತ ಏರಿ, ಎಲ್ಲಾದರೂ ಕಿತ್ತುಕೊಳ್ಳುತ್ತದೆ. ಕಂಪಲಾಪುರದಿಂದ ಮಡಿಕೇರಿ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಬೈಲಕುಪ್ಪೆಯಲ್ಲಿ, 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ನರು ಮರದಿಂದ ಮರಕ್ಕೆ ಪ್ರಾರ್ಥನಾ ಧ್ವಜಗಳ ದಾರ ಕಟ್ಟುತ್ತಾರೆ. ಆ ದಾರ ತುಂಬಾ ತೆಳು, ಗಾಳಿ ಹೊಡೆತವೋ ಜೋರು. ಆದರೂ ತಡೆಯುತ್ತದೆ, ಏಕೆಂದರೆ ಧಾರಾಳವಾಗಿ ಇಳಿಬಿಟ್ಟಿರುತ್ತಾರೆ. ಧ್ವಜಕ್ಕೆ ಇಳಿಬಿಡಬಹುದು, ಪಂಚೆಗೆ ಆಗುವುದಿಲ್ಲ, ಕೆಳಗೆ ಕೆಸರಿದೆ.

ಹಾಗಾಗಿ ಬಿಗಿಯುವ ಉಪಾಯಗಳು ಒಂದೆರಡಲ್ಲ. ಎಲ್ಲಕ್ಕಿಂತ ಹಳೆಯದು ಕವೆಗೋಲು, ನಡುವೆ ಆನಿಸಿ ಹಗ್ಗ ಎತ್ತುವ ಉದ್ದದ ಕೋಲು. ಅದರ ವಿಷಯಕ್ಕೆ ಮತ್ತೆ ಬರುತ್ತೇನೆ.

ಇನ್ನೊಂದು, ಜೋಡಿಹಗ್ಗದ ನಡುವೆ ಕಡ್ಡಿ ತೂರಿಸಿ ತಿರುವುವುದು. ಗಾಡಿಗೆ ಹುಲ್ಲು ಹೇರಿದವರು ಹೊರೆ ಅಲುಗದಂತೆ ಹೀಗೆಯೇ ಬಿಗಿಯುತ್ತಿದ್ದರು. ಬಟ್ಟೆಯ ಹಗ್ಗಕ್ಕೆ ಇದರಲ್ಲಿ ಒಂದು ಹೆಚ್ಚಿನ ಲಾಭವುಂಟು: ಹುರಿಯ ಸಂದಿಗೆ ಬಟ್ಟೆಯ ತುದಿ ಸಿಕ್ಕಿಸಿದರೆ ಕ್ಲಿಪ್ಪೇ ಬೇಡ. ಈ ತಿರುವಿನಲ್ಲೊಂದು ತಮಾಷೆ ಅಡಗಿದೆ. ಒಂದು ಸೆಂಟಿಮೀಟರ್ ದಪ್ಪದ ಎರಡು ಹಗ್ಗಗಳನ್ನು 6 ಮೀಟರ್ ಉದ್ದಕ್ಕೆ ಹತ್ತು ಸುತ್ತು ತಿರುವಿದರೆ ಹಗ್ಗ ಗಿಡ್ಡವಾಗುವುದು ಒಂದು ಸೆಂಟಿಮೀಟರಿಗಿಂತ ಕಡಿಮೆ. ಇನ್ನೂ ಹತ್ತು ಸುತ್ತು ತಿರುವಿ, ಒಟ್ಟು ಮೂರು ಸೆಂಟಿಮೀಟರ್ ದಾಟುತ್ತದೆ. ಅಂದರೆ ಎರಡನೆಯ ಹತ್ತು ಸುತ್ತು ಮೊದಲ ಹತ್ತರ ಮೂರು ಪಟ್ಟು ಕೆಲಸ ಮಾಡಿತು. ಮೊದಲ ಸುತ್ತುಗಳಲ್ಲಿ ಏನೂ ಆಗಲಿಲ್ಲವೆಂದು ಬಿಟ್ಟವರಿಗೆ ಇದರ ಗುಣ ತಿಳಿಯುವುದೇ ಇಲ್ಲ.

ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪಿನ ಬೇಲು ಹೇರಿಕೊಂಡು ಬರುವ ಗಾಡಿಗಳ ಮೇಲೆ ಹಗ್ಗ ಬಿಗಿಯುವುದನ್ನು ನೋಡಿ. ಹಗ್ಗದ ನಡುವೆಯೇ ಒಂದು ಕುಣಿಕೆ ಮಾಡಿ, ತುದಿಯನ್ನು ಗಾಡಿಯ ಕೊಕ್ಕೆಗೆ ಸುತ್ತಿಸಿ ತಂದು, ಕುಣಿಕೆಯೊಳಗೆ ತೂರಿಸಿ ಕೆಳಕ್ಕೆ ಜಗ್ಗುತ್ತಾರೆ. ರಾಟೆಯೇ ಇಲ್ಲದ ರಾಟೆ ಅದು. ಪುಸ್ತಕದ ಲೆಕ್ಕದಲ್ಲಿ ಜಗ್ಗಿದ ಬಲದ ಮೂರು ಪಟ್ಟು ಸಿಗಬೇಕು, ಹಗ್ಗಕ್ಕೆ ಹಗ್ಗ ಉಜ್ಜಿ ಅದರಲ್ಲಿ ದೊಡ್ಡ ಪಾಲು ಹಾಳಾಗುತ್ತದೆ. ಆದರೂ ಬರೀ ಕೈಯಲ್ಲಿ ಎಳೆಯುವುದಕ್ಕಿಂತ ಎಷ್ಟೋ ವಾಸಿ. ಅಂಗಡಿಯಲ್ಲಿ ಸಿಗುವ ಟರ್ನ್‌ಬಕಲ್ ಎಂಬ ತಿರುಪಿನ ಕೊಂಡಿ ಇನ್ನೂ ಬಲಶಾಲಿ. ಅದರ ಎರಡೂ ತುದಿಯಲ್ಲಿ ಎದುರುಬದುರಾದ ತಿರುಪುಗಳಿರುವುದರಿಂದ ಒಂದು ಸುತ್ತಿಗೆ ಎರಡೂ ಕಡೆ ಒಳಕ್ಕೆ ಸರಿಯುತ್ತವೆ. ನನಗೆ ಇದರ ಮೇಲೆ ಅಷ್ಟು ವಿಶ್ವಾಸವಿಲ್ಲ. ಎರಡು ಬೆರಳಿನಲ್ಲಿ ತಿರುಗಿಸುವಾಗ ಆ ಕಡೆ ಎಷ್ಟು ಎಳೆತ ಏರುತ್ತಿದೆಯೆಂದು ಕೈಗೆ ಗೊತ್ತೇ ಆಗುವುದಿಲ್ಲ, ಕಂಬ ಬಿರುಕು ಬಿಟ್ಟ ಮೇಲೆ ಗೊತ್ತಾಗುತ್ತದೆ.

ಕಡ್ಡಿ, ಕುಣಿಕೆ, ತಿರುಪು ಮೂರಕ್ಕೂ ಒಂದೇ ಕೊರತೆ. ಇವು ಹಗ್ಗದ ಉದ್ದವನ್ನು ಹಿಡಿದಿಡುತ್ತವೆ, ಎಳೆತವನ್ನಲ್ಲ. ಕಟ್ಟಿದ ಕ್ಷಣದಲ್ಲಿ ಎಲ್ಲ ಸರಿಯಾಗಿರುತ್ತದೆ. ಆಮೇಲೆ ನೈಲಾನ್ ಭಾರಕ್ಕೆ ನಿಧಾನವಾಗಿ ಹಿಗ್ಗುತ್ತ ಹೋಗುತ್ತದೆ, ನೀರು ಕುಡಿದರೆ ಇನ್ನಷ್ಟು ಮೆತ್ತಗಾಗುತ್ತದೆ. ಹುರಿ ಮಾಡಿದ ಹತ್ತಿ, ಸೆಣಬಿನ ಹಗ್ಗಗಳದು ಇದಕ್ಕೆ ತದ್ವಿರುದ್ಧ ಸ್ವಭಾವ. ಒದ್ದೆಯಾದಾಗ ಎಳೆಗಳು ದಪ್ಪಕ್ಕೆ ಊದಿಕೊಂಡು ಹುರಿ ಬಿಗಿಯುತ್ತದೆ, ಹಗ್ಗ ಗಿಡ್ಡವಾಗುತ್ತದೆ. ಬಿಸಿಲಲ್ಲಿ ಬಿಗಿದು ಕಟ್ಟಿದ ಇಂಥ ಹಗ್ಗ ರಾತ್ರಿಯ ಮಳೆಗೆ ಕಂಬವನ್ನೇ ಎಳೆದುಬಿಡಬಲ್ಲದು. ಉದ್ದ ಹೀಗೆ ಹೇಳದೆ ಕೇಳದೆ ಬದಲಾಗುವಾಗ ಎಳೆತ ಬದಲಾಗದಂತೆ ನೋಡಿಕೊಳ್ಳುವವರು ಬೇಕು. ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ತುದಿಗೆ ಕಟ್ಟಿದರೆ ಒಂದಷ್ಟು ಮಟ್ಟಿಗೆ ಆ ಕೆಲಸ ಮಾಡುತ್ತದೆ, ಆದರೆ ಬಿಸಿಲಿಗೆ ಬಿರಿದು ಬೇಗ ಹರಿಯುತ್ತದೆ. ಬೇಸರಿಸದೆ, ಹಳತಾಗದೆ, ಸದಾ ಒಂದೇ ಬಲದಿಂದ ಎಳೆಯುವ ವಸ್ತು ನಮ್ಮ ಹಿತ್ತಲಲ್ಲೇ ಬಿದ್ದಿರುತ್ತದೆ: ಕಲ್ಲು.

ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಎದುರು ಕಂಬದ ರಾಟೆಯ ಮೇಲಿಂದ ಇಳಿಬಿಟ್ಟು ಅದಕ್ಕೆ 25 ಕಿಲೋ ಕಲ್ಲು ತೂಗಿದರೆ ಮುಗಿಯಿತು. ಹಗ್ಗ ಹಿಗ್ಗಿದರೆ ಕಲ್ಲು ಅಷ್ಟು ಕೆಳಗಿಳಿಯುತ್ತದೆ, ಕುಗ್ಗಿದರೆ ಮೇಲೇರುತ್ತದೆ, ಎಳೆತ ಮಾತ್ರ ಅದೇ 25 ಕಿಲೋ. 10 ಕಿಲೋ ಬಟ್ಟೆ ಹಾಕಿದಾಗ ಜೋಲು 30 ಸೆಂಟಿಮೀಟರ್. ನೀರು ಆರಿ ಬಟ್ಟೆ 6 ಕಿಲೋಗೆ ಬಂದಾಗ ಹಗ್ಗ ತಾನೇ ಏರಿ ಜೋಲು 18ಕ್ಕೆ ಇಳಿದಿರುತ್ತದೆ. ಇಷ್ಟಕ್ಕೆಲ್ಲ ಕಲ್ಲು ಎಷ್ಟು ಓಡಾಡಬೇಕು? ಖಾಲಿ ಹಗ್ಗದಿಂದ ತುಂಬಿದ ಹಗ್ಗದವರೆಗೆ ಬರೀ 4 ಸೆಂಟಿಮೀಟರ್. ಮೊದಲು ನಮ್ಮನ್ನು ಕಾಡಿದ ವರ್ಗಮೂಲದ ಲೆಕ್ಕ ಇಲ್ಲಿ ನಮ್ಮ ಪರ ವಾದಿಸುತ್ತದೆ. ಆಷಾಢದ ಗಾಳಿಗೆ ಬಟ್ಟೆ ಪಟಪಟ ಹೊಡೆದುಕೊಂಡಾಗಲೂ ಆ ಹೊಡೆತಕ್ಕೆ ಕಲ್ಲು ಸ್ವಲ್ಪ ಕುಣಿಯುತ್ತದೆ, ಕಂಬಕ್ಕೆ ಬೀಳುವ ಜಗ್ಗು ಕಡಿಮೆಯಾಗುತ್ತದೆ.

ಇದನ್ನು ಹಳ್ಳಿಯ ತೇಪೆ ಕೆಲಸ ಎಂದುಕೊಳ್ಳುವವರು ಮೈಸೂರಿನಿಂದ ಬೆಂಗಳೂರಿಗೆ ಹೋಗುವಾಗ ರೈಲಿನ ಕಿಟಕಿಯಿಂದ ಹೊರಗೆ ನೋಡಬೇಕು. ಕೆಲವು ಕಂಬಗಳ ಪಕ್ಕದಲ್ಲಿ ಕಬ್ಬಿಣದ ದಪ್ಪ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ತೂಗುಬಿಟ್ಟಿರುವುದು ಕಾಣುತ್ತದೆ. ರೈಲಿಗೆ ಕರೆಂಟು ಕೊಡುವ ತಂತಿಯ ಎಳೆತ ಕಾಯುವುದು ಆ ಬಿಲ್ಲೆಗಳೇ. ಎಂಜಿನ್ನಿನ ನೆತ್ತಿಯ ಮೇಲಿನ ಚೌಕಟ್ಟು ತಂತಿಯನ್ನು ಸವರಿಕೊಂಡು ಓಡುತ್ತದೆ; ತಂತಿ ಜೋತಿದ್ದರೆ ಚೌಕಟ್ಟು ಎಗರಿ ಕಿಡಿ ಹಾರುತ್ತದೆ. ನಮ್ಮ ರೈಲ್ವೆಯ ಸಾಮಾನ್ಯ ಮಾದರಿಯಲ್ಲಿ ಎರಡು ತಂತಿಗಳಿವೆ: ಮೇಲೆ ಹೊರುವ ತಂತಿ, ಕೆಳಗೆ ಎಂಜಿನ್ ಮುಟ್ಟುವ ತಂತಿ. ಎರಡಕ್ಕೂ ತಲಾ 1000 ಕಿಲೋ ಎಳೆತ, ಒಟ್ಟು 2000. ಅಷ್ಟು ಭಾರ ತೂಗುಬಿಡುವ ಬದಲು ಮೂರು ರಾಟೆ ಹೂಡಿ ಮೂರನೇ ಒಂದು ಪಾಲು, ಸುಮಾರು 665 ಕಿಲೋ ಬಿಲ್ಲೆಯಲ್ಲೇ ಕೆಲಸ ಮುಗಿಸುತ್ತಾರೆ. ತಂತಿಯ ಒಂದೊಂದು ತುಂಡು ಹೆಚ್ಚೆಂದರೆ ಒಂದೂವರೆ ಕಿಲೋಮೀಟರ್ ಉದ್ದವಿದ್ದು, ನಡುವೆ ಬಿಗಿದು ಎರಡೂ ತುದಿಗೆ ಭಾರ ಕಟ್ಟಿರುತ್ತಾರೆ. ಚಳಿಯ ಬೆಳಗ್ಗೆಗೂ ಬೇಸಿಗೆಯ ಕಾದ ಮಧ್ಯಾಹ್ನಕ್ಕೂ ತಾಮ್ರದ ತಂತಿಯ ಬಿಸಿ 40 ಡಿಗ್ರಿ ಹೆಚ್ಚಿದರೆ 750 ಮೀಟರಿನ ಅರ್ಧಭಾಗ ಸುಮಾರು ಅರ್ಧ ಮೀಟರ್ ಹಿಗ್ಗುತ್ತದೆ. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆರಬೇಕಲ್ಲ, ಆದ್ದರಿಂದ ಬಿಲ್ಲೆಗಳು ಅದರ ಮೂರು ಪಟ್ಟು, ಒಂದೂವರೆ ಮೀಟರ್ ಕೆಳಗಿಳಿಯುತ್ತವೆ. ಇದಕ್ಕೆ ಮೋಟಾರಿಲ್ಲ, ಕರೆಂಟು ಬೇಡ, ಯಾರೂ ಬಂದು ತಿರುಗಿಸಬೇಕಿಲ್ಲ.

ಮನೆಯಲ್ಲಿ ಮಾಡುವವರಿಗೆ ಕಲ್ಲೇ ಆಗಬೇಕೆಂದಿಲ್ಲ. 20 ಲೀಟರಿನ ಖಾಲಿ ಪೇಂಟ್ ಡಬ್ಬಿಗೆ ಮುಕ್ಕಾಲು ಪಾಲು ಒಣ ಮರಳು ತುಂಬಿದರೆ 24 ಕಿಲೋ ಆಸುಪಾಸು ಬರುತ್ತದೆ. ಮುಚ್ಚಳ ಹಾಕಿ, ಇಲ್ಲವಾದರೆ ಮಳೆನೀರು ತುಂಬಿ ಭಾರ ಏರುತ್ತದೆ. ಪ್ಲಾಸ್ಟಿಕ್ ಹಿಡಿಕೆಯನ್ನು ನಂಬದೆ ಡಬ್ಬಿಯ ತಳಕ್ಕೆ ಹಗ್ಗ ಸುತ್ತಿ ಕಟ್ಟಬೇಕು. ಡಬ್ಬಿ ನೆಲದಿಂದ ಒಂದು ಗೇಣಿಗಿಂತ ಮೇಲೆ ತೂಗುವುದು ಬೇಡ. ಹಗ್ಗ ಹರಿದರೂ ಗೇಣು ಮಾತ್ರ ಬೀಳುತ್ತದೆ, ಮಕ್ಕಳು ಆಡುವ ಅಂಗಳದಲ್ಲಿ ಇದು ಮುಖ್ಯ. ರಾಟೆ ತುಕ್ಕು ಹಿಡಿದರೆ ಉಪಾಯವೆಲ್ಲ ವ್ಯರ್ಥ. ಡಬ್ಬಿಯನ್ನು ಕೈಯಲ್ಲಿ ಸ್ವಲ್ಪ ಎತ್ತಿ ಬಿಡಿ, ಮೊದಲಿನ ಜಾಗಕ್ಕೇ ಬಂದು ನಿಂತರೆ ರಾಟೆ ಸರಿಯಿದೆ. ನಡುವೆಯೇ ನಿಂತರೆ ಎಣ್ಣೆ ಬಿಡಬೇಕು.

ಈಗ ಕವೆಗೋಲು. ನೋಡಲು ಅದು ಹಗ್ಗವನ್ನು ಎತ್ತುತ್ತದೆ ಅಷ್ಟೇ. ಆದರೆ ನಡುವೆ ಅದನ್ನು ನಿಲ್ಲಿಸಿದಾಗ 6 ಮೀಟರಿನ ಹಗ್ಗ ಮೂರು ಮೂರು ಮೀಟರಿನ ಎರಡು ಹಗ್ಗವಾಗುತ್ತದೆ. ಪ್ರತಿ ಅರ್ಧದಲ್ಲಿ ದೂರವೂ ಅರ್ಧ, ಬಟ್ಟೆಯ ಭಾರವೂ ಅರ್ಧ. ಎಳೆತ ಅಷ್ಟೇ ಇದ್ದರೆ ಜೋಲು ಕಾಲು ಭಾಗಕ್ಕೆ ಇಳಿಯುತ್ತದೆ. ಎರಡೂ ತುದಿ ಬಿಗಿದ ಹಗ್ಗದಲ್ಲಿ ಕೋಲು ಎತ್ತಿದಷ್ಟೂ ಎಳೆತ ಏರಿ ಕಂಬ ನರಳುತ್ತದೆ. ಕಲ್ಲು ಕಟ್ಟಿದ ಹಗ್ಗದಲ್ಲಿ ಆ ಭಯವಿಲ್ಲ, ಕೋಲು ಎತ್ತಿದರೆ ಕಲ್ಲು ಏರಿ ಹಗ್ಗ ಬಿಟ್ಟುಕೊಡುತ್ತದೆ. ಹಾಗಾಗಿ ಎರಡನ್ನೂ ಕೂಡಿಸಿದರೆ ಹನ್ನೆರಡೂವರೆ ಕಿಲೋ ತೂಗುವ ಕಲ್ಲೇ ಸಾಕು, 10 ಕಿಲೋ ಬಟ್ಟೆಗೆ ಜೋಲು 15 ಸೆಂಟಿಮೀಟರ್ ದಾಟುವುದಿಲ್ಲ. ಕೋಲಿಲ್ಲದೆ ಇದೇ ಫಲ ಬೇಕಿದ್ದರೆ 50 ಕಿಲೋ ತೂಗಬೇಕಿತ್ತು.

ಕವೆಗೆ ಸೀಬೆಮರದ ಕೊಂಬೆ ಒಳ್ಳೆಯದು, ಗಟ್ಟಿ ಮತ್ತು ಬೇಗ ಸೀಳುವುದಿಲ್ಲ. ಕವಲಿನ ಒಳಗಿನ ತೊಗಟೆ ಹೆರೆದು, ಮರಳುಕಾಗದದಿಂದ ಉಜ್ಜಿ ನುಣುಪು ಮಾಡಿ. ಹಗ್ಗ ಅಲ್ಲಿ ಸಿಕ್ಕಿಕೊಳ್ಳದೆ ಆಚೀಚೆ ಜಾರಿದರೆ ಮಾತ್ರ ಆಚೆ ಬದಿಯ ಹಗ್ಗಕ್ಕೂ ಕಲ್ಲಿನ ಎಳೆತ ಮುಟ್ಟುತ್ತದೆ.